ಮೂರನೇ ನೀರು

ಶಟರ್ ಎತ್ತಿದ ಕೂಡಲೇ ನೀರಿನ ಮೀಟರ್ ನೋಡುತ್ತೇನೆ.
ದೇವರ ಪಟ ಆಮೇಲೆ.
ಕೆಂಪು ಅಂಕಿಗಳನ್ನು ಹಳೆಯ ಡೈರಿಯಲ್ಲಿ ಬರೆದು
ನಿನ್ನೆಯದನ್ನು ಕಳೆಯುತ್ತೇನೆ.
ಕಳೆದು ಉಳಿದದ್ದೇ ಚರಂಡಿಗೆ ಹೋದದ್ದು.

ವಿದ್ಯಾನಗರದ ಬಸ್‌ಸ್ಟಾಪಿನ ಹಿಂದೆ
ಐದು ಮೆಷಿನ್ನು, ಎರಡು ಡ್ರೈಯರು, ಕಾಲು ಅಲುಗುವ ಒಂದು ಬೆಂಚು.
ಟೋಕನ್ ಎಂಬತ್ತು ರೂಪಾಯಿ.
ಬರುವವರು ಹಾಸ್ಟೆಲ್ ಹುಡುಗರು, ರಾತ್ರಿ ಪಾಳಿಯ ನರ್ಸುಗಳು,
ಬಿಳಿ ಕೋಟಿನ ಜೇಬಿನಲ್ಲಿ ಪೆನ್ನು ಮರೆತು
ಇಡೀ ಲೋಡು ನೀಲಿಯಾದ ಮೇಲೆ ನನ್ನ ಮುಖ ನೋಡುವವರು.

ಲೆಕ್ಕ ಹೇಳಲೇ?
ಒಂದು ಲೋಡು ಕುಡಿಯುವುದು ನೂರಾ ಹತ್ತು ಲೀಟರು.
ಟ್ಯಾಂಕರ್ ಹಾಲೇಶಿ ಸಂಕ್ರಾಂತಿಗೆ ಆರುನೂರು ಕೇಳಿದವನು
ಯುಗಾದಿ ಕಳೆದರೆ ಒಂಬೈನೂರು ಕೇಳುತ್ತಾನೆ.
"ನೀರಿಗಲ್ಲಕ್ಕಾ, ದಾರಿಗೆ."
ಬೋರಿನ ನೀರು ಅಗ್ಗ, ಆದರೆ ಗಡಸು.
ಹೀಟರಿನ ಕಾಯಿಲಿಗೆ ಕಟ್ಟಿದ ಸುಣ್ಣದ ಹಕ್ಕಳೆಯನ್ನು
ದಾದಾಪೀರ್ ಸ್ಕ್ರೂಡ್ರೈವರಿನಲ್ಲಿ ಕೆತ್ತಿ
ನನ್ನ ಅಂಗೈಗೆ ಹಾಕಿದ:
"ನೋಡ್ರಿ, ಇದೇ ನಿಮ್ಮ ಕರೆಂಟ್ ಬಿಲ್ಲು."

ಡ್ರೈಯರು ಸುತ್ತಿಗೆ ಮೂರು ಯೂನಿಟ್ ತಿನ್ನುತ್ತದೆಂದು
ಮಾಳಿಗೆ ಮೇಲೆ ಹಗ್ಗ ಕಟ್ಟಿ ಬಿಸಿಲನ್ನು ಪುಕ್ಕಟೆ ಬಿಟ್ಟೆ.
ಮಾರ್ಚಿಯಲ್ಲಿ ಈ ಊರಿನ ಬಿಸಿಲು
ಅರ್ಧ ಗಂಟೆಯಲ್ಲಿ ಹೊದಿಕೆಯನ್ನು ಹಪ್ಪಳ ಮಾಡುತ್ತದೆ.
ಡ್ರೈಯರಿನ ಕಂತು ಮಾತ್ರ ನೆರಳಲ್ಲಿ ಕೂತು
ಪ್ರತಿ ಐದನೇ ತಾರೀಖು ಕೆಮ್ಮುತ್ತದೆ.

ಅಪ್ಪ ಕಾಟನ್ ಮಿಲ್ಲಿನ ಬಣ್ಣದ ಖಾತೆಯಲ್ಲಿದ್ದ.
ಅಲ್ಲಿ ನೀರಿಗೆ ಲೆಕ್ಕವೇ ಇರಲಿಲ್ಲ.
ಸೋಮವಾರ ಕೆಂಪು, ಬುಧವಾರ ಹಸಿರು,
ನಾವು ಮಕ್ಕಳು ಚರಂಡಿ ನೋಡಿ ವಾರ ಹೇಳುತ್ತಿದ್ದೆವು.
ಮಿಲ್ಲು ಮುಚ್ಚಿದ ಮರುದಿನ
ಚರಂಡಿ ತಿಳಿಯಾಗಿ ಹರಿಯಿತು.
ಅವತ್ತು ಅಪ್ಪ ಊಟ ಮಾಡಲಿಲ್ಲ.

ಲೆಕ್ಕ ಗೊತ್ತಿದ್ದದ್ದು ಅವ್ವನಿಗೆ.
ಮೊದಲ ನೀರು ಕೊಳೆಗೆ, ಎರಡನೆಯದು ಸೋಪಿಗೆ,
ಮೂರನೆಯದನ್ನ ಚೆಲ್ಲಬ್ಯಾಡ,
ಅದು ನಾಳಿನ ಮೊದಲ ನೀರು.

ಅದನ್ನೇ ಪೈಪಿನಲ್ಲಿ ಹೇಳು ಎಂದೆ ದಾದಾಪೀರನಿಗೆ.
ಒಂದು ನೀಲಿ ಡ್ರಮ್ಮು, ಎರಡು ವಾಲ್ವು,
ಜರಡಿಗೆ ನನ್ನದೇ ಹಳೆಯ ವಾಯಿಲ್ ಸೀರೆಯ ಸೆರಗು.
ಬೋರ್ಡು ನಾನೇ ಬರೆದೆ:
ಎರಡನೇ ಮೆಷಿನ್, ಮೊದಲ ತೊಳೆತಕ್ಕೆ ಮರುನೀರು,
ಟೋಕನ್ ಅರವತ್ತು.

ಹದಿನೈದು ದಿನ ಅದರ ಬಾಗಿಲು ಯಾರೂ ತೆಗೆಯಲಿಲ್ಲ.
"ಇನ್ನೊಬ್ಬರು ಬಿಟ್ಟ ನೀರಾ ಆಂಟಿ?"
ಮೂಗು ಮುದುಡಿಸಿದ ಒಬ್ಬ.
ಬೆಣ್ಣೆದೋಸೆ ಅಂಗಡಿಯ ಹಿಂದೆ
ತಟ್ಟೆಗಳೆಲ್ಲ ಒಂದೇ ಬೋಗುಣಿಯಲ್ಲಿ ಮುಳುಗಿ ಏಳುವುದನ್ನು
ಪಾಪ, ನೋಡಿದವನಲ್ಲ.
ಬೋರ್ಡು ಸುಮ್ಮನೆ ತೆಗೆದುಬಿಡಲೇ ಎನ್ನಿಸಿತು.
ಮುಚ್ಚಿಟ್ಟರೆ ಯಾರಿಗೆ ಗೊತ್ತಾಗುತ್ತಿತ್ತು?
ಕುರ್ಚಿ ಹತ್ತಿ, ಮೊಳೆಗೆ ಕೈಯಿಟ್ಟು, ಇಳಿದೆ.

ರುಕ್ಸಾನಾ ಬಂದದ್ದು ರಾತ್ರಿ ಹತ್ತೂವರೆಗೆ.
ಜಗಳೂರಿನವಳು, ಲ್ಯಾಬಿನ ಕೋರ್ಸು ಓದುತ್ತಾಳೆ.
ಬೋರ್ಡು ಎರಡು ಸಲ ಓದಿದಳು, ಡ್ರಮ್ಮಿನ ಮುಚ್ಚಳ ತೆಗೆಸಿದಳು,
ಖಾಲಿ ಸೋಡಾ ಬಾಟಲಿಯಲ್ಲಿ ನೀರು ಹಿಡಿದು
ಟ್ಯೂಬ್‌ಲೈಟಿಗೆ ಎತ್ತಿ ನೋಡಿದಳು.
"ಟೆಸ್ಟ್ ಮಾಡಿ ಹೇಳ್ತೀನಿ ಆಂಟಿ."

ಮೂರು ವಾರವಾಯಿತು.
ಆ ಬಾಟಲಿಯ ಸುದ್ದಿ ಅವಳೂ ಎತ್ತಿಲ್ಲ, ನಾನೂ ಕೇಳಿಲ್ಲ.
ಪ್ರತಿ ಭಾನುವಾರ ಬಕೆಟ್ ಹಿಡಿದು ಬರುತ್ತಾಳೆ,
ನಾಲ್ಕು ಮೆಷಿನ್ನು ಖಾಲಿಯಿದ್ದರೂ
ಎರಡನೆಯದರ ಮುಂದೆ ಕೂತು ಪುಸ್ತಕ ಬಿಚ್ಚುತ್ತಾಳೆ.
ಹೋದ ವಾರ ಜೊತೆಗೆ ಇನ್ನಿಬ್ಬರು.

ಇವತ್ತು ಕಳೆದಾಗ ಇನ್ನೂರ ಎಂಬತ್ತು ಲೀಟರು ಕಮ್ಮಿ ಬಂತು.
ತಪ್ಪಿರಬೇಕೆಂದು ಮತ್ತೆ ಕಳೆದೆ.
ಹೊರಗೆ ಹಾಲೇಶಿಯ ಹಾರ್ನು.
ನಾಳೆ ಬಾ ಎಂದೆ.